224 ಶಾಸಕರಿಗೆ ಬಹಿರಂಗ ಪತ್ರ: ಒಂದು ಹೈಸ್ಕೂಲಿಗೆ ನಿಮ್ಮ ಲೆಟರ್‌ಹೆಡ್ ಯಾಕೆ ಬೇಕು?

ಮಾನ್ಯ ಶಾಸಕರೇ,

ವಿಧಾನಸಭೆಯ 224 ಮಂದಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕ್ಷೇತ್ರದವರಿಗೆ ಮಾತ್ರ ಬರೆಯಬಹುದಿತ್ತು. ಆದರೆ ನಮ್ಮೂರಿಗೆ ಒಂದು ಸರ್ಕಾರಿ ಹೈಸ್ಕೂಲು ಬರುವಷ್ಟರಲ್ಲಿ ಶಾಸಕರು ಬದಲಾದರು, ಪಕ್ಷ ಬದಲಾಯಿತು, ರಾಜ್ಯ ನಾಲ್ಕು ಮುಖ್ಯಮಂತ್ರಿಗಳನ್ನು ಕಂಡಿತು. ನಮಗೆ ಸಿಕ್ಕ ಉತ್ತರ ಮಾತ್ರ ಒಂದೇ. ಹಾಗಾಗಿ ಒಬ್ಬರನ್ನು ಹಿಡಿದು ದೂರಿ ಉಪಯೋಗವಿಲ್ಲ. ಊರಿನ ಹೆಸರನ್ನೂ ಬೇಕಂತಲೇ ಬರೆದಿಲ್ಲ. ಮಳೆ ಬಂದರೆ ಶೇಂಗಾ, ಬರದಿದ್ದರೆ ಬೆಂಗಳೂರು ಅನ್ನುವ ಬಯಲುಸೀಮೆಯ ಊರು. ನಿಮ್ಮಲ್ಲಿ ಎಷ್ಟೋ ಜನರ ಕ್ಷೇತ್ರದಲ್ಲಿ ಇಂಥ ಊರು ಇದ್ದೇ ಇರುತ್ತದೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹೊಸ ಸರ್ಕಾರಿ ಶಾಲೆಗೆ ಶಾಸಕರ ಶಿಫಾರಸು ಪತ್ರ ಬೇಕು ಅನ್ನುವ ಪದ್ಧತಿಯನ್ನು ನೀವೇ ನಿಲ್ಲಿಸಿ. ಹತ್ತಿರದ ಶಾಲೆ ಎಷ್ಟು ದೂರ, ಊರಲ್ಲಿ ಮಕ್ಕಳೆಷ್ಟು, ಇಷ್ಟು ನೋಡಿ ಇಲಾಖೆ ತೀರ್ಮಾನ ಮಾಡಲಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಬೇಡಿಕೆಯಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೆರೆಹೊರೆಯಲ್ಲಿ ಶಾಲೆ ಇಲ್ಲದ ಕಡೆ ಸರ್ಕಾರವೂ ಸ್ಥಳೀಯ ಸಂಸ್ಥೆಯೂ ಮೂರು ವರ್ಷದೊಳಗೆ ಶಾಲೆ ತೆರೆಯಬೇಕು ಅಂತ ಅದರ 6ನೇ ಸೆಕ್ಷನ್ ಹೇಳುತ್ತದೆ. ಆ ಗಡುವು 2013ಕ್ಕೇ ಮುಗಿದಿದೆ. 1ರಿಂದ 5ನೇ ಕ್ಲಾಸಿಗೆ ಒಂದು ಕಿಲೋಮೀಟರ್, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಅಂತ ನಿಯಮದಲ್ಲಿದೆ. ಇಡೀ ಕಾಯ್ದೆ ಹುಡುಕಿದರೂ ಶಾಸಕರ ಪತ್ರದ ಮಾತೇ ಇಲ್ಲ.

ಈಗ ನಮ್ಮ ರಾಜ್ಯದ ತೊಡಕು ನೋಡಿ. ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಾಗಿ 7ಕ್ಕೆ ಮುಗಿಯುತ್ತವೆ. ಕೆಲವು ಕಡೆ 8 ಸೇರಿಸಿದ್ದಾರೆ, ಎಲ್ಲ ಕಡೆ ಇಲ್ಲ. ಕಾಯ್ದೆ 14 ವರ್ಷದವರೆಗೆ, ಅಂದರೆ 8ನೇ ಕ್ಲಾಸಿನವರೆಗೆ. ಹಾಗಾಗಿ ನಮ್ಮೂರಲ್ಲಿ 7 ಪಾಸಾದ ಮಗು ಕಾಯ್ದೆಯ ಒಳಗೇ ಇರುತ್ತದೆ, ಶಾಲೆಯ ಹೊರಗೆ ಬಂದಿರುತ್ತದೆ. 9 ಮತ್ತು 10ಕ್ಕೆ ಕಾಯ್ದೆಯೇ ಇಲ್ಲ. ಐದು ಕಿಲೋಮೀಟರಿಗೊಂದು ಹೈಸ್ಕೂಲು ಅನ್ನುವುದು ಕೇಂದ್ರದ ಪ್ರೌಢಶಿಕ್ಷಣ ಯೋಜನೆ ಆರ್‌ಎಂಎಸ್‌ಎಯಲ್ಲಿ ಹಾಕಿಕೊಂಡ ಗುರಿ. ಗುರಿ ತಪ್ಪಿದರೆ ಯಾರನ್ನೂ ಕೇಳುವ ಹಾಗಿಲ್ಲ ಅಲ್ವಾ?

ನಮಗೆ ಹತ್ತಿರದ ಹೈಸ್ಕೂಲು ಆರು ಕಿಲೋಮೀಟರಿಗಿಂತ ಜಾಸ್ತಿ ದೂರ. ಮಧ್ಯೆ ಕೆರೆ ಏರಿ, ಆಮೇಲೆ ಜಾಲಿ ಬೆಳೆದ ದಾರಿ, ಒಂದು ಹಳ್ಳ. 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಗಿತ್ತು. ಆಗ ಹುಡುಗಿಯರು ಗುಂಪು ಕಟ್ಟಿಕೊಂಡು ಹೋಗಿಬರುತ್ತಿದ್ದರು. ಕೋವಿಡ್ ಹೊತ್ತಿಗೆ ಸೈಕಲ್ ನಿಂತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆಯಾಯಿತು. ಒಳ್ಳೆಯದೇ ಆಯಿತು, ಆ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಕ್ರಾಸಿಗೆ ಬಸ್ಸು ಬರುವುದು ಬೆಳಗ್ಗೆ ಏಳಕ್ಕೆ. ಶಾಲೆ ಬೆಲ್ಲು ಹತ್ತಕ್ಕೆ. ಸಂಜೆ ಬಸ್ಸು ಯಾವಾಗ ಬರುತ್ತದೆ ಅಂತ ಡ್ರೈವರಿಗೂ ಗೊತ್ತಿರುವುದಿಲ್ಲ. 7 ಮುಗಿಸಿದ ಹುಡುಗಿಯರು ಒಂದೆರಡು ವರ್ಷ ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಂಡಿರುತ್ತಿದ್ದರು. ಆಮೇಲೆ ಏನಾಗುತ್ತಿತ್ತು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಲಗ್ನಪತ್ರಿಕೆಗಳಲ್ಲಿ ಕೆಲವು ನಿಮ್ಮ ಮನೆಗೂ ಬಂದಿರುತ್ತವೆ.

ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ನಿರ್ಣಯ ಮಾಡಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಫೀಸಿಗೆ ಹೋದೆವು. ಸಾಹೇಬರು ಒಳ್ಳೆಯವರು, ಕೂರಿಸಿ ಮಾತಾಡಿಸಿದರು. ಮಕ್ಕಳ ಪಟ್ಟಿ ನೋಡಿದರು, ಅಂತರದ ದೃಢೀಕರಣ ನೋಡಿದರು. ಎಲ್ಲ ಸರಿ ಇದೆ ಅಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, “ಎಂಎಲ್‌ಎ ಲೆಟರ್ ತಂದಿದ್ದೀರಾ?” ಅಂತ ಕೇಳಿದರು. ಅವರನ್ನು ತಪ್ಪು ಅನ್ನಲಾರೆ. ನಾಳೆ ಅವರನ್ನು ಎಲ್ಲಿಗೆ ಎತ್ತಿ ಹಾಕಬೇಕು ಅನ್ನುವುದೂ ಅಂಥದ್ದೇ ಒಂದು ಲೆಟರಿನ ಮೇಲೆ ನಿಂತಿರುತ್ತದೆ.

ಮೊದಲಾದರೆ ಜಿಲ್ಲಾ ಪಂಚಾಯ್ತಿ ಮೆಂಬರ್ ಅಂತ ಒಬ್ಬರಿದ್ದರು. ಕೆಲಸ ಆಗಲಿ ಬಿಡಲಿ, ಸಭೆಯಲ್ಲಿ ಎದ್ದು ಕೇಳುತ್ತಿದ್ದರು. 2016ರಲ್ಲಿ ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಜಿಲ್ಲಾ ಪಂಚಾಯ್ತಿಗೂ ಚುನಾವಣೆ ಇಲ್ಲ, ತಾಲ್ಲೂಕು ಪಂಚಾಯ್ತಿಗೂ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಕಾರಣ ಇದ್ದೇ ಇದ್ದವು. ಇಷ್ಟು ವರ್ಷ ಆ ಖುರ್ಚಿಗಳು ಖಾಲಿ ಇದ್ದದ್ದು ನಿಮಗೇನೂ ತೊಂದರೆ ಕೊಟ್ಟಹಾಗೆ ಕಾಣಲಿಲ್ಲ. ಚರಂಡಿಯಿಂದ ಹೈಸ್ಕೂಲಿನವರೆಗೆ ಎಲ್ಲ ಮನವಿಯೂ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ.

ನಾವೂ ಬಂದೆವು. ಮನೆ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಎಸ್‌ಡಿಎಂಸಿಯ ನಾವು ಕೆಲವರು, ಫೈಲು ಹಿಡಿದ ಹೆಡ್‌ಮಾಸ್ಟರು, ಕೂಲಿ ಬಿಟ್ಟು ಬಂದ ಇಬ್ಬರು ತಾಯಂದಿರು. ಪಿಎ ಬಂದು ಮನವಿ ತಗೊಂಡರು. ಓದಲಿಲ್ಲ. “ಯಾವೂರು?” ಅಂದರು. ಹೇಳಿದೆವು. ಮೊಬೈಲ್ ತೆಗೆದು ಬೆರಳಾಡಿಸಿದರು. ಪಕ್ಕದಲ್ಲಿ ನಿಂತಿದ್ದ ನನಗೆ ಕಾಣುತ್ತಿತ್ತು, ಬೂತ್‌ವಾರು ಮತಗಳ ಪಟ್ಟಿ. ಒಂದೊಂದು ಸಾಲಿಗೂ ಹಸಿರು ಇಲ್ಲವೇ ಕೆಂಪು. ನಮ್ಮದು ಕೆಂಪು. “ನಿಮ್ಮಲ್ಲಿ ನಮಗೆ ಲೀಡೇ ಇಲ್ವಲ್ಲ ಯಜಮಾನ್ರೇ” ಅಂದರು. ಸಿಟ್ಟಿನಿಂದ ಏನಲ್ಲ, ನಗುತ್ತಲೇ. ನಮ್ಮ ಜೊತೆಗಿದ್ದ ಒಬ್ಬ ತಾಯಿ, “ಎಂಟನೇ ಕ್ಲಾಸಿನ ಹುಡುಗ್ರಿಗೆ ಓಟಿಲ್ಲ ಸಾರ್” ಅಂದರು. ಪಿಎ ಅದಕ್ಕೂ ನಕ್ಕರು. ಟೀ ಕೊಡಿಸಿದರು. ಪತ್ರ ಕೊಡಲಿಲ್ಲ.

ಮುಂದಿನ ಚುನಾವಣೆಯಲ್ಲಿ ಇನ್ನೊಬ್ಬರು ಗೆದ್ದರು. ನಮ್ಮ ಬೂತಲ್ಲಿ ಅವರಿಗೆ ಲೀಡ್ ಇತ್ತು. ಪತ್ರವೂ ಸಿಕ್ಕಿತು. ಕೈಗೆ ಬಂದಾಗ ನೋಡಿದರೆ ಅದೇ ದಿನ, ಅದೇ ಒಕ್ಕಣೆಯಲ್ಲಿ, ಪಕ್ಕದೂರಿಗೂ ಒಂದು ಪತ್ರ ಹೋಗಿದೆ. ಎರಡು ಊರಿನ ಮಧ್ಯೆ ದೂರ ಕಡಿಮೆ, ಆಗುವುದು ಒಂದೇ ಶಾಲೆ. ಇಬ್ಬರಿಗೂ ಕೊಟ್ಟರೆ ಇಬ್ಬರೂ ಖುಷಿ. ಶಾಲೆ ಆಗದಿದ್ದರೆ, “ನಾನು ಕೊಟ್ಟಿದ್ದೆ, ಇಲಾಖೆಯವರು ಮಾಡಲಿಲ್ಲ” ಅನ್ನಬಹುದು. ಆ ಎರಡು ಪತ್ರಗಳಿಂದ ಎರಡು ಊರು ಮಾತು ಬಿಟ್ಟವು. ಜಾತ್ರೆಯಲ್ಲಿ ಒಟ್ಟಿಗೆ ತೇರು ಎಳೆಯುತ್ತಿದ್ದವರು. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು, ಯಾವ ಕಡೆಯಿಂದ ಮಕ್ಕಳು ಜಾಸ್ತಿ, ಹಳ್ಳ ದಾಟುವುದು ಯಾರಿಗೆ ಕಷ್ಟ ಅಂತ ನೋಡಿ, ನಮ್ಮೂರ ಗೋಮಾಳದ ಆ ತುದಿ ಅಂತ ಗೊತ್ತು ಮಾಡಿದರು. ಅದು ಅವರಿಗೂ ಹತ್ತಿರ. ಇಲಾಖೆ ಮಾಡಬೇಕಾದ ಕೆಲಸವನ್ನು ಒಂದು ಬೇವಿನ ಮರದ ಕೆಳಗೆ ಅರ್ಧ ದಿನದಲ್ಲಿ ಮುಗಿಸಿದರು.

ಆಮೇಲೆ ಜಾಗದ ಕಥೆ. ಗೋಮಾಳ ಸರ್ಕಾರದ್ದು, ಶಾಲೆಯೂ ಸರ್ಕಾರದ್ದು, ಇನ್ನೇನು ಕಷ್ಟ ಅಂತ ನಮ್ಮ ಗುಂಪಿನ ಹುಡುಗರು ಅಂದುಕೊಂಡಿದ್ದರು. 1964ರ ಭೂಕಂದಾಯ ಕಾಯ್ದೆಯ 71ನೇ ಸೆಕ್ಷನ್‌ನಲ್ಲಿ ಸರ್ಕಾರಿ ಜಾಗವನ್ನು ಸಾರ್ವಜನಿಕ ಕೆಲಸಕ್ಕೆ ಕಾದಿರಿಸಲು ಅವಕಾಶವಿದೆ. ಅದಕ್ಕೆ ಪಂಚಾಯ್ತಿ ನಿರ್ಣಯ, ಸ್ಥಳ ಮಹಜರು, ಸರ್ವೆ ನಕ್ಷೆ, ತಹಶೀಲ್ದಾರರ ವರದಿ, ಎಸಿ ಸಾಹೇಬರ ಟಿಪ್ಪಣಿ, ಕೊನೆಗೆ ಡಿಸಿ ಆದೇಶ. ಇದೆಲ್ಲಕ್ಕಿಂತ ಮೊದಲು ಊರಿನ ದನಗಳ ಲೆಕ್ಕ. ನೂರು ದನಕ್ಕೆ 30 ಎಕರೆ ಗೋಮಾಳ ಉಳಿಸಿಕೊಂಡು, ಹೆಚ್ಚುವರಿ ಇದ್ದರೆ ಮಾತ್ರ ಬೇರೆಯದಕ್ಕೆ ಕೊಡಬೇಕು. ನಿಯಮ ಒಳ್ಳೆಯದೇ, ಗೋಮಾಳ ಉಳಿಯಲೇಬೇಕು. ಆದರೂ ಕಂದಾಯ ಇಲಾಖೆಯಲ್ಲಿ ಮಕ್ಕಳೆಷ್ಟು ಅಂತ ಒಬ್ಬರೂ ಕೇಳುವ ಮೊದಲೇ ಎಮ್ಮೆ ಎಷ್ಟು, ಕಡಸು ಎಷ್ಟು ಅಂತ ಬರೆದುಕೊಟ್ಟವರು ನಾವು.

ಲೆಕ್ಕ ಸರಿಬಂತು. ಆಗ ಇನ್ನೊಂದು ಗೊತ್ತಾಯಿತು. ನಾವು ಗುರುತು ಮಾಡಿದ ಎರಡು ಎಕರೆಯ ಅಂಚಿನಲ್ಲಿ ಒಂದು ಮನೆಯವರು ಬಹಳ ವರ್ಷದಿಂದ ಉತ್ತುಕೊಂಡಿದ್ದರು. ಆ ಸರ್ಕಾರಿ ಜಮೀನನ್ನು ತಮ್ಮ ಹೆಸರಿಗೆ ಸಕ್ರಮ ಮಾಡಿಕೊಡಿ ಅಂತ ಫಾರಂ 57 ಹಾಕಿದ್ದರು. ಅವರೂ ಬಡವರೇ. ಅವರ ಮಗಳೂ 7ನೇ ಕ್ಲಾಸಿನಲ್ಲಿದ್ದಳು. ಇಂಥ ಬಗರ್ ಹುಕುಂ ಅರ್ಜಿ ಇತ್ಯರ್ಥ ಆಗದೆ ತಹಶೀಲ್ದಾರರು ವರದಿ ಬರೆಯುವುದಿಲ್ಲ. ಅರ್ಜಿ ಇತ್ಯರ್ಥ ಮಾಡುವುದು ಬಗರ್ ಹುಕುಂ ಸಮಿತಿ. ಸಮಿತಿಯ ಅಧ್ಯಕ್ಷರು ಯಾರು ಹೇಳಿ? ನೀವೇ. ಸರ್ಕಾರ ಬದಲಾದರೆ ಸಮಿತಿ ಹೊಸದಾಗಿ ರಚನೆಯಾಗಬೇಕು, ರಚನೆಯಾದರೆ ಸಭೆ ಕರೆಯಬೇಕು, ಸಭೆ ಕರೆದರೆ ನಮ್ಮ ಸರ್ವೆ ನಂಬರ್ ಅಜೆಂಡಾದಲ್ಲಿ ಬರಬೇಕು. ಈ ಮಧ್ಯೆ ಆ ಮನೆಯವರ ಕಿವಿಯಲ್ಲಿ ಯಾರೋ, “ಶಾಲೆ ಬಂದರೆ ನಿನ್ನ ಹೊಲ ಹೋಯಿತು” ಅಂತ ಊದಿದರು. ಊದಿದವರು ಯಾರು ಅಂತ ಊರಿಗೆಲ್ಲ ಗೊತ್ತು. ತಾಲ್ಲೂಕಿನಲ್ಲಿ ಅವರದೊಂದು ಖಾಸಗಿ ಶಾಲೆ ಇದೆ, ಅದರ ಹಳದಿ ವ್ಯಾನು ನಮ್ಮೂರಿಗೂ ಬರುತ್ತದೆ. ಸರ್ಕಾರಿ ಹೈಸ್ಕೂಲು ಬರುವುದು ಅವರಿಗೆ ಯಾಕೆ ಬೇಡ ಅಂತ ವ್ಯಾನಿನ ಸೀಟು ಎಣಿಸಿದರೆ ತಿಳಿಯುತ್ತದೆ.

ನಾವು ಆ ಮನೆಯವರ ಜೊತೆ ಜಗಳಕ್ಕೆ ಹೋಗಲಿಲ್ಲ. ಸರ್ವೆಯರ್ ಬಂದ ದಿನ ಅವರನ್ನೇ ಕರೆದು, ಹಗ್ಗ ಅವರ ಕೈಗೇ ಕೊಟ್ಟು, ಅವರ ಬದು ಬಿಟ್ಟು ಪೂರ್ವಕ್ಕೆ ಸರಿಸಿ ಕಲ್ಲು ನೆಟ್ಟೆವು. ಶಾಲೆಯ ಆಟದ ಮೈದಾನ ಸ್ವಲ್ಪ ಸೊಟ್ಟಗಾಯಿತು. ಕಬಡ್ಡಿಗೆ ಸಾಕು.

ಎಲ್ಲವನ್ನೂ ನಿಮ್ಮ ತಲೆಗೆ ಕಟ್ಟಲಾರೆ. ಜಾಗ ಪೂರ್ವಕ್ಕೆ ಸರಿದ ಮೇಲೆ ಅದು ದಲಿತರ ಕಾಲೋನಿಗೆ ಹತ್ತಿರವಾಯಿತು. ಆಗ ನಮ್ಮೂರಿನಲ್ಲೇ ಕೆಲವರಿಗೆ ಇದ್ದಕ್ಕಿದ್ದಂತೆ ವಾಸ್ತು ನೆನಪಾಯಿತು, ಗಾಳಿ ಬೆಳಕು ನೆನಪಾಯಿತು, ಊರ ಮುಂದಿನ ರಸ್ತೆ ನೆನಪಾಯಿತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಗ್ರಾಮಸಭೆಯಲ್ಲಿ ಒಬ್ಬ ಹುಡುಗ ಎದ್ದು, “ಕಾಲೋನಿಯವರು ಇಷ್ಟು ವರ್ಷ ಊರ ಶಾಲೆಗೆ ನಡಕೊಂಡು ಬರಲಿಲ್ವಾ, ಈಗ ನೀವು ನಡೀರಿ” ಅಂದ. ಗಲಾಟೆಯಾಯಿತು. ನಡಾವಳಿ ಪುಸ್ತಕದಲ್ಲಿ ‘ದೀರ್ಘವಾಗಿ ಚರ್ಚಿಸಲಾಯಿತು’ ಅಂತ ಮಾತ್ರ ಇದೆ. ನಿರ್ಣಯ ಮಾತ್ರ ಪಾಸಾಯಿತು.

ಗುದ್ದಲಿ ಪೂಜೆ ಎರಡು ಸಲ ಆಯಿತು. ಒಂದು ಸಲ ಚುನಾವಣೆ ನೀತಿ ಸಂಹಿತೆ ಬರುವ ಮೊದಲಿನ ಗಡಿಬಿಡಿಯಲ್ಲಿ. ಆದೇಶ ಇರಲಿಲ್ಲ, ಅನುದಾನ ಇರಲಿಲ್ಲ, ಕಲ್ಲು ಮಾತ್ರ ಇತ್ತು. ಗೆದ್ದ ಮೇಲೆ ಹೊಸಬರು ಬಂದು ಇನ್ನೊಂದು ಕಲ್ಲು ಹಾಕಿದರು. ಶಿಷ್ಟಾಚಾರದ ಪ್ರಕಾರ ಹೆಸರು ಹಾಕಿಲ್ಲ ಅಂತ ಒಬ್ಬರು ಮುನಿಸಿಕೊಂಡು ಕಾರ್ಯಕ್ರಮ ಮುಂದಕ್ಕೆ ಹೋಗಿ, ಕಲ್ಲನ್ನು ವಾಪಸ್ ಕಳಿಸಿ ಕೆತ್ತಿಸಿ ತರಬೇಕಾಯಿತು. ಗ್ರಾನೈಟ್ ಮೇಲೆ ಹೆಸರಿನ ಸಾಲು ಹಿಂದೆ ಮುಂದೆ ಮಾಡುವುದು ಎಷ್ಟು ಕಷ್ಟ ಅಂತ ಕಲ್ಲು ಕೆತ್ತುವವರನ್ನು ಕೇಳಿ. 2022ರ ನವೆಂಬರ್‌ನಲ್ಲಿ ವಿವೇಕ ಯೋಜನೆಯ ಹೊಸ ಶಾಲಾ ಕೊಠಡಿಗಳಿಗೆ ಕೇಸರಿ ಬಣ್ಣ ಬಳಿಯಬೇಕೋ ಬೇಡವೋ ಅಂತ ಟಿವಿಯಲ್ಲಿ ಎರಡೂ ಕಡೆಯವರು ಕೂಗಾಡುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ನೋಡಿ, “ಗೋಡೆ ಕೊಡಲಿ, ಬಣ್ಣ ನಾವೇ ಹೊಡ್ಕೋತೀವಿ” ಅಂದರು.

ಕೊನೆಗೂ ಆದೇಶ ಬಂತು. ಆರ್ಥಿಕ ಇಲಾಖೆ ಒಪ್ಪಿತು, ಶಾಲೆಯ ಗುರುತಿನ ಯು-ಡೈಸ್ ನಂಬರ್ ಸಿಕ್ಕಿತು. ಆ ಹನ್ನೊಂದು ಅಂಕಿ ಬರುವವರೆಗೆ ಶಾಲೆ ಸರ್ಕಾರದ ಲೆಕ್ಕಕ್ಕೇ ಇರುವುದಿಲ್ಲ. ಪ್ರಾಥಮಿಕ ಶಾಲೆಯ ಎರಡು ಕೋಣೆಯಲ್ಲಿ 8ನೇ ಕ್ಲಾಸು ಶುರುವಾಯಿತು. ಮೊದಲ ದಿನ ಬಂದವರಲ್ಲಿ ಮೂರ್ನಾಲ್ಕು ಹುಡುಗಿಯರು ಎರಡು ವರ್ಷದ ಹಿಂದೆಯೇ 7 ಮುಗಿಸಿ ಮನೆಯಲ್ಲಿದ್ದವರು. ತಮಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೊಂಡು ಹಿಂದಿನ ಬೆಂಚು ಹಿಡಿದರು. ಈಗ ಒಬ್ಬಳು ಗಣಿತದಲ್ಲಿ ಮುಂದಿದ್ದಾಳೆ. ಮೇಷ್ಟ್ರುಗಳ ವಿಷಯ ಹೇಳದಿರುವುದೇ ವಾಸಿ. ಮಂಜೂರಾದ ಹುದ್ದೆ ಕಾಗದದ ಮೇಲಿದೆ. ಒಬ್ಬರು ನಿಯೋಜನೆ ಮೇಲೆ ಬೇರೆ ಕಡೆ, ಇಬ್ಬರು ಅತಿಥಿ ಶಿಕ್ಷಕರು, ಹಿಂದಿಗೆ ಪ್ರಾಥಮಿಕ ಶಾಲೆಯ ಮೇಡಂ. ಕಟ್ಟಡ ಲಿಂಟಲ್ ಮಟ್ಟಕ್ಕೆ ಬಂದಿದೆ.

ನಮ್ಮ ಕಥೆ ವಿಶೇಷ ಏನಲ್ಲ. ಕೇರಳದ ಮಲಪ್ಪುರಂ ಜಿಲ್ಲೆಯ ಮಂಜೇರಿ ಹತ್ತಿರ ಎಳಂಬ್ರ ಅಂತ ಒಂದು ಊರಿದೆ. ಶಿಕ್ಷಣದಲ್ಲಿ ದೇಶಕ್ಕೇ ಮುಂದು ಅನ್ನಿಸಿಕೊಂಡ ರಾಜ್ಯ. ಅಲ್ಲಿನ ಜನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗಾಗಿ ದಶಕಗಟ್ಟಲೆ ಕೇಳಿದರು. ಹೈಕೋರ್ಟ್ ಶಾಲೆ ಕೊಡಿ ಅಂದರೆ, ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಊರವರ ಪರ ನಿಂತಿತು. ಎಳಂಬ್ರಕ್ಕೆ ಮಾತ್ರವಲ್ಲ, ರಾಜ್ಯದಲ್ಲಿ ಶಾಲೆ ಇಲ್ಲದ ಕಡೆಯೆಲ್ಲ ಶಾಲೆ ತೆರೆಯಲು ಹೇಳಿತು. ಒಂದು ಒಂದನೇ ಕ್ಲಾಸಿಗಾಗಿ ದಿಲ್ಲಿವರೆಗೆ ಹೋಗಬೇಕಾಯಿತು ನೋಡಿ. ಕೋರ್ಟಿಗೆ ಹೋಗುವ ತಾಕತ್ತಿಲ್ಲದ ಊರುಗಳು ಏನು ಮಾಡಬೇಕು?

ಈಗ ಕರ್ನಾಟಕ ಪಬ್ಲಿಕ್ ಶಾಲೆಗಳ ಕಾಲ. 2025-26ರ ಬಜೆಟ್‌ನಲ್ಲಿ 500 ಹೊಸ ಕೆಪಿಎಸ್ ಅಂತ ಘೋಷಣೆಯಾಯಿತು, ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ನೆರವಿನಲ್ಲಿ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡಿನಲ್ಲಿ ಸಿಗುವುದು ನನಗೂ ಇಷ್ಟವೇ. ಸುತ್ತಲಿನ ಸಣ್ಣ ಶಾಲೆಗಳನ್ನು ಅದರಲ್ಲಿ ಕರಗಿಸುತ್ತಾರೆ ಅನ್ನುವ ಭಯ ಜನರಲ್ಲಿದೆ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಅಂತ ಸರ್ಕಾರ ಹೇಳಿದೆ. ಆ ಮಾತು ನಿಲ್ಲಲಿ. ನನ್ನ ಚಿಂತೆ ಬೇರೆ. ಈ ಶಾಲೆಗಳು ಯಾವ ಊರಿಗೆ ಅನ್ನುವುದು ಮತ್ತೆ ಅದೇ ಬೂತ್ ಪಟ್ಟಿ ನೋಡಿ ಗೊತ್ತಾಗುತ್ತದೆಯೋ ಏನೋ. ತಾಲ್ಲೂಕಿಗೆ ಇಷ್ಟು ಅಂತ ಬಂದ ಕೂಡಲೇ ಯಾರ್ಯಾರು ಯಾರ್ಯಾರ ಮನೆಗೆ ಓಡುತ್ತಾರೆ ಅಂತ ನಾವು ನೋಡಿದ್ದೇವೆ, ನೀವೂ ನೋಡಿದ್ದೀರಿ.

ಇದನ್ನು ತಪ್ಪಿಸಲು ಹೊಸ ಕಾನೂನೂ ಬೇಡ, ದುಡ್ಡೂ ಬೇಡ. ಪ್ರತಿ ಶಾಲೆಯ ಮಕ್ಕಳ ಲೆಕ್ಕ ಇಲಾಖೆಯ ಕಂಪ್ಯೂಟರಿನಲ್ಲಿ ಆಗಲೇ ಇದೆ. 7 ಮುಗಿಸುವ ಮಕ್ಕಳು ಯಾವ ಊರಲ್ಲಿ ಎಷ್ಟು, ಅಲ್ಲಿಂದ ಸರ್ಕಾರಿ ಹೈಸ್ಕೂಲಿಗೆ ರಸ್ತೆ ಮೇಲೆ ಎಷ್ಟು ದೂರ ಅಂತ ತಾಲ್ಲೂಕುವಾರು ಪಟ್ಟಿ ಮಾಡಿ ಬಿಇಒ ಕಚೇರಿ ಗೋಡೆಗೆ ಹಚ್ಚಲಿ. ದೂರ ಜಾಸ್ತಿ ಇದ್ದವರು ಮೇಲೆ, ಕಡಿಮೆ ಇದ್ದವರು ಕೆಳಗೆ. ರಸ್ತೆ ಮೇಲೆ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ನಕ್ಷೆಯಲ್ಲಿ ಗೆರೆ ಎಳೆದು ಅಳೆದರೆ ಹಳ್ಳ ಲೆಕ್ಕಕ್ಕೆ ಬರುವುದಿಲ್ಲ. ಮಂಜೂರಾತಿ ಆ ಪಟ್ಟಿಯ ಮೇಲಿನಿಂದ ಕೆಳಕ್ಕೆ ಬರಲಿ. ಉದ್ಘಾಟನೆಗೆ ನಿಮ್ಮನ್ನೇ ಕರೆಯುತ್ತೇವೆ, ಕಲ್ಲಿನ ಮೇಲೆ ಹೆಸರೂ ಹಾಕುತ್ತೇವೆ.

ಹಳ್ಳದ ಆಚೆಯ ಇನ್ನೊಂದು ಊರಿನವರು ಮೊನ್ನೆ ಬಂದು ನಮ್ಮ ಫೈಲಿನ ಜೆರಾಕ್ಸ್ ತಗೊಂಡು ಹೋದರು. ಅವರ ಊರಲ್ಲೂ 7ಕ್ಕೇ ನಿಂತಿದೆ. ಮೊದಲು ಯಾರ ಹತ್ತಿರ ಹೋಗಬೇಕು ಅಂತ ಕೇಳಿದರು. ಪಂಚಾಯ್ತಿ ನಿರ್ಣಯ ಮಾಡಿಸಿ, ದನಗಳ ಲೆಕ್ಕ ಈಗಲೇ ಬರೆಸಿಡಿ ಅಂದೆ. ನಿಮ್ಮ ಪತ್ರದ ವಿಷಯ ಇನ್ನೂ ಹೇಳಿಲ್ಲ.

ನಿಮ್ಮಲ್ಲಿ ಒಬ್ಬರಾದರೂ, ಆಡಳಿತ ಪಕ್ಷವೋ ವಿರೋಧ ಪಕ್ಷವೋ, ಮುಂದಿನ ಅಧಿವೇಶನದಲ್ಲಿ ಸಚಿವರು ಸದನದಲ್ಲೇ ಉತ್ತರಿಸಬೇಕಾದ ಒಂದು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ. ಬರೆಯುವ ಶ್ರಮ ಬೇಡ ಅಂತ ನಾನೇ ಬರೆದಿದ್ದೇನೆ: “ಐದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆ ಇಲ್ಲದ ಜನವಸತಿಗಳು ರಾಜ್ಯದಲ್ಲಿ ಎಷ್ಟು? ತಾಲ್ಲೂಕುವಾರು ಮಾಹಿತಿ ನೀಡುವುದು. ಅವುಗಳಲ್ಲಿ ಎಷ್ಟು ಊರುಗಳಿಂದ ಶಾಲೆಗಾಗಿ ಪ್ರಸ್ತಾವ ಬಂದಿದೆ, ಯಾವ ವರ್ಷದಿಂದ ಬಾಕಿ ಇದೆ, ಬಾಕಿ ಇರಲು ಕಾರಣವೇನು?” ಉತ್ತರವನ್ನು ಸದನದಲ್ಲಿ ಮಂಡಿಸಿದ ದಿನ ನಮಗೂ ಒಂದು ಪ್ರತಿ ಕಳಿಸಿ.

ಇತಿ,
ಒಂದು ಹೊಸ ಸರ್ಕಾರಿ ಹೈಸ್ಕೂಲಿನ ಪೋಷಕ